ಮೂರನೆಯ ಬುಟ್ಟಿಯ ಮಿಡಿ

ಮಾವಿನ ಸೊನೆಯ ವಾಸನೆಗೆ ಮರ್ಯಾದೆ ಎಂಬುದಿಲ್ಲ. ಹೇಳದೆ ಕೇಳದೆ ಮೂಗಿಗೆ ನುಗ್ಗಿ, ಕುತ್ತಿಗೆ ಹಿಡಿದು ಐವತ್ತು ವರ್ಷ ಹಿಂದಕ್ಕೆ ದಬ್ಬಿಬಿಡುತ್ತದೆ. ಈ ಸಲ ಸಾಗರದ ಸಂತೆಯಲ್ಲಿ ಹಾಗೇ ಆಯಿತು. ಸೊಪ್ಪಿನವರ ಸಾಲು ದಾಟಿ ಮೂಲೆಗೆ ತಿರುಗಿದರೆ ಒಬ್ಬ ಆಸಾಮಿ ಗೋಣಿಚೀಲದ ಬಾಯಿ ಬಿಚ್ಚಿ, ಅಪ್ಪೆಮಿಡಿಯನ್ನು ರಸ್ತೆಗೆ ಜಲ್ಲಿ ಸುರಿಯುವ ಹಾಗೆ ಸಿಮೆಂಟು ನೆಲಕ್ಕೆ ಸುರಿಯುತ್ತಿದ್ದ. ಜೀರಿಗೆಯನ್ನು ಅಂಗೈಯಲ್ಲಿ ತಿಕ್ಕಿದಂಥ ಆ ಘಾಟು ಬಂತು. ನಿಂತೆ. "ಕೊಯ್ದದ್ದಾ, ಬಿದ್ದದ್ದಾ?" ಎಂದು ಕೇಳಿದೆ. "ಎಲ್ಲಾ ಕೊಯ್ದದ್ದೇ ಅಕ್ಕಾ, ಒಂದೇ ಒಂದು ಬಿದ್ದದ್ದಿಲ್ಲ" ಎಂದ ಆತ, ಉರುಳಿಹೋದ ನಾಲ್ಕು ಮಿಡಿಗಳನ್ನು ಚಪ್ಪಲಿಯ ತುದಿಯಿಂದ ರಾಶಿಗೆ ಸೇರಿಸುತ್ತ. "ಈಗ ನೆಲಕ್ಕೆ ಹಾಕಿದ್ಯಲ್ಲ ಮಾರಾಯ, ಅದು?" ಎಂದರೆ, "ಅದು ಸುರಿದದ್ದು ಅಲ್ವಾ" ಎಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಅವನ ನೋಟದಲ್ಲಿ ತಪ್ಪೇನೂ ಇರಲಿಲ್ಲ. ಆ ಪ್ರಶ್ನೆ ಕೇಳುವ ಹಕ್ಕು ಸಾಗರದ ಸಂತೆಯಲ್ಲಿ ನಿಂತಿದ್ದ ಅಷ್ಟೂ ಜನರಲ್ಲಿ ನನಗೊಬ್ಬಳಿಗೇ ಇರಲಿಲ್ಲ.

ಉಪ್ಪಿನಕಾಯಿಯ ಶಾಸ್ತ್ರ ತಿಳಿಯದವರಿಗಾಗಿ ಒಂದು ಮಾತು. ಅಪ್ಪೆಮಿಡಿ ಎಂದರೆ ಗೊರಟು ಇನ್ನೂ ಗಟ್ಟಿಯಾಗದ ಎಳೆಯ ಮಾವು. ಅದನ್ನು ಹೋಳು ಮಾಡುವುದಿಲ್ಲ. ತೊಟ್ಟಿನ ಸಮೇತ ಇಡಿಯಾಗಿ ಭರಣಿಯಲ್ಲಿ ಕಲ್ಲುಪ್ಪಿನ ನಡುವೆ ಕೂರಿಸುತ್ತಾರೆ. ಮರ ಹತ್ತಿ ಕೈಯಿಂದ ಕೊಯ್ದ ಮಿಡಿ ಮಾತ್ರ ಅದಕ್ಕೆ ಸಲ್ಲುತ್ತದೆ. ನೆಲಕ್ಕೆ ಬಿದ್ದ ಮಿಡಿ ನೋಡಲು ಕೊಯ್ದದ್ದಕ್ಕಿಂತ ಒಂದು ಕೈ ಮೇಲೆಯೇ ಇರುತ್ತದೆ. ಹೊಳೆಯುವ ಸಿಪ್ಪೆ, ಸಂಭಾವಿತ ಮುಖ. ಪೆಟ್ಟು ಇರುವುದು ಒಳಗೆ. ಭರಣಿಯೊಳಗೆ ಕೆಲವು ತಿಂಗಳು ತೆಪ್ಪಗಿದ್ದು, ಆಮೇಲೆ ತಾನೂ ಕೊಳೆತು, ಅಕ್ಕಪಕ್ಕದ ನಿರಪರಾಧಿಗಳನ್ನೂ ಕೊಳೆಸುತ್ತದೆ. ಮನುಷ್ಯರಲ್ಲಿಯೂ ಈ ತಳಿ ಉಂಟು. ದೂರ ಹುಡುಕಬೇಕಾಗಿಲ್ಲ, ಈ ಬರಹ ಬರೆಯುತ್ತಿರುವವಳನ್ನೇ ನೋಡಬಹುದು.

ಕೂಡುಕುಟುಂಬದ ಸೊಗಸನ್ನು ನೆನೆದು ಕಣ್ಣೊದ್ದೆ ಮಾಡಿಕೊಳ್ಳುವ ಬರಹಗಳನ್ನು ಓದಿದಾಗ ನನಗೆ ಹಲ್ಲು ಚುಳ್ಳೆನ್ನುತ್ತದೆ. ನಮ್ಮದೂ ಕೂಡುಕುಟುಂಬವೇ. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಹೆಂಚಿನ ಮನೆ. ಬೆಳಗಿನಿಂದ ಸಂಜೆಯವರೆಗೆ ಖಾಸಗಿ ಬಸ್ಸುಗಳ ಹಾರನ್ನು, ಏಜೆಂಟರ ಕೂಗು, ಅದನ್ನು ಮೀರಿಸುವಂತೆ ಒಳಗಿನಿಂದ ಅಜ್ಜಿಯ ದನಿ. ಅಜ್ಜಿ ಎಂದರೆ ಅಪ್ಪನ ಅಮ್ಮ. ಕೆಳಕೋರ್ಟು, ಮೇಲ್ಕೋರ್ಟು ಎರಡೂ ಅವಳೇ ಆದ್ದರಿಂದ ಮೇಲ್ಮನವಿಗೆ ಅವಕಾಶವಿರಲಿಲ್ಲ. ತಾಲೂಕು ಕಚೇರಿಯ ಗುಮಾಸ್ತನಾಗಿದ್ದ ಅಪ್ಪ ಮನೆಯಲ್ಲಿದ್ದಷ್ಟು ಹೊತ್ತೂ ಪೇಪರಿನ ಹಿಂದೆ ವಾಸಿಸುತ್ತಿದ್ದ. ಅಮ್ಮ ನಾನು ಹುಟ್ಟುವ ಮೊದಲೇ ಬೇಷರತ್ತಾಗಿ ಶರಣಾಗಿ, ಯುದ್ಧಕೈದಿಗೆ ಸಲ್ಲುವ ಗೌರವವನ್ನು ಪಡೆಯುತ್ತಿದ್ದಳು. ಹುಂಚದ ಹತ್ತಿರದ ಹಳ್ಳಿಯಿಂದ ಚಿಕ್ಕಪ್ಪನನ್ನು ಮದುವೆಯಾಗಿ ಬಂದ ಸುಮತಿ ಚಿಕ್ಕಮ್ಮನಿಗೆ ಶರಣಾಗುವ ವಿದ್ಯೆಯನ್ನು ತವರಿನಲ್ಲಿ ಯಾರೂ ಕಲಿಸಿರಲಿಲ್ಲ. ಬಂದ ವಾರದಲ್ಲೇ ಅಜ್ಜಿ ಸಾರಿನ ಸೌಟು ಎತ್ತಿ, "ಹುಂಚದ ಕಡೆ ಸಾರಿಗೆ ಬೆಲ್ಲ ಹಾಕೂದಿಲ್ವೇನೇ?" ಎಂದು ಕೇಳಿದಳು. "ಹಾಕ್ತೀವಿ ಅತ್ತೆ. ಮಾತಿಗೂ ಒಂಚೂರು ಹಾಕ್ತೀವಿ" ಎಂದಳು ಚಿಕ್ಕಮ್ಮ. ಅಪ್ಪನ ಪೇಪರು ಒಂದಂಗುಲ ಕೆಳಗಿಳಿದು ಮತ್ತೆ ಮೇಲೇರಿತು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಶಾಂತಿ ನೆಲೆಸಿದ್ದು ಇಬ್ಬರೂ ನಿದ್ದೆ ಮಾಡುವಾಗ ಮಾತ್ರ.

ಅಜ್ಜಿಯನ್ನು ನಾನು ಪ್ರೀತಿಸಿದ್ದೆ ಎಂದು ಬರೆದರೆ ಅವಳೇ ಎದ್ದು ಬಂದು ಆ ಸಾಲನ್ನು ಹೊಡೆದುಹಾಕಿಯಾಳು. ಆದರೆ ಒಂದು ವಿಷಯದಲ್ಲಿ ಅವಳಿಗೆ ಅನ್ಯಾಯ ಮಾಡಲಾರೆ. ಒಮ್ಮೆ ಮಿಡಿ ಹಾಕುವ ಕಾಲದಲ್ಲಿ ಬೆಲ್ಲದ ಆಸೆಗೆ ಉಗ್ರಾಣದ ಬಾಗಿಲ ಸಂದಿಯಲ್ಲಿ ಹೊಂಚು ಹಾಕಿ ನಿಂತಿದ್ದೆ. ಒಳಗೆ ಅಜ್ಜಿ ಒಬ್ಬಳೇ. ಒದ್ದೆ ಬಟ್ಟೆಯಿಂದ ಒಂದೊಂದೇ ಮಿಡಿ ಒರೆಸಿ ಭರಣಿಗೆ ಇಳಿಸುತ್ತಿದ್ದಳು. ಒಂದು ಮಿಡಿ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಮಣೆಯ ಮೇಲೆ ಕೂತವಳ ಕೈಯಿಂದ ನೆಲಕ್ಕೆ ಎಷ್ಟು ದೂರ? ಒಂದು ಗೇಣು. ಅದರಿಂದ ಆ ಮಿಡಿಗೆ ನೋವಾಗಿರಲಾರದು, ಆಶ್ಚರ್ಯವಾಗಿರಬಹುದು. ಅಜ್ಜಿ ಅದನ್ನು ಎತ್ತಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಯಾರಿಗೋ ವರದಿ ಒಪ್ಪಿಸುವವಳ ಹಾಗೆ "ಬಿತ್ತು" ಎಂದು ಹೇಳಿ, ಗೊಜ್ಜಿಗೆಂದು ಇಟ್ಟ ಬೇರೆ ಪಾತ್ರೆಗೆ ಹಾಕಿದಳು. ಉಗ್ರಾಣದಲ್ಲಿ ಇದ್ದದ್ದು ಅವಳು, ಮೂರು ಭರಣಿ, ಒಂದು ಹಲ್ಲಿ. ನಾನು ಬೆಲ್ಲ ಕದಿಯದೆ ಹಿಂತಿರುಗಿದೆ. ಅದು ಆ ದಿನದ ಮಟ್ಟಿಗೆ ಮಾತ್ರ.

ಆ "ಬಿತ್ತು" ಎಂಬ ಮಾತು ಅಜ್ಜಿ ಕಲಿತದ್ದೋ ಕಲಿಸಿದ್ದೋ ತಿಳಿಯದು, ಅದರ ನಿಜವಾದ ವಾರಸುದಾರ ಹೂವಪ್ಪ. ಅಜ್ಜಿಯ ತವರಿನವರಿಗೆ ಹೊಸನಗರದ ದಾರಿಯಲ್ಲಿ, ಹಳ್ಳದ ದಂಡೆಯ ಮೇಲೆ ಒಂದು ಅಪ್ಪೆಮರ ಇತ್ತು. ವರ್ಷಕ್ಕೊಮ್ಮೆ ಅಜ್ಜಿ ಅಲ್ಲಿಗೆ ದಂಡಯಾತ್ರೆ ಹೋಗುವಳು. ಸಾಮಾನು ಹೊರಲು ನಾನು. ಮರ ಹತ್ತುವವನು ಆ ಊರಿನ ಹೂವಪ್ಪ, ಒಣಗಿದ ಹುಣಸೆಕಾಯಿಯಂಥ ಮನುಷ್ಯ. ಸೊಂಟಕ್ಕೆ ಹಗ್ಗ, ಹಗ್ಗದ ತುದಿಗೆ ಬಿದಿರ ಬುಟ್ಟಿ ಕಟ್ಟಿಕೊಂಡು ಹತ್ತಿದನೆಂದರೆ ಎಲೆಗಳೊಳಗೆ ಮಾಯ. ಬುಟ್ಟಿ ತುಂಬಿದ ಮೇಲೆ ಮೆಲ್ಲಗೆ ಹಗ್ಗ ಬಿಡುತ್ತ ಇಳಿಸುವನು. ಕೆಳಗೆ ನಿಂತವರು ಅದು ನೆಲ ಮುಟ್ಟುವ ಮೊದಲೇ ಎರಡೂ ಕೈಯಲ್ಲಿ ಆತುಕೊಳ್ಳಬೇಕು. ಕೊಯ್ಯುವಾಗ ಅವನ ಕೈಯಿಂದ ಒಂದು ಮಿಡಿ ಜಾರಿದರೂ ಮೇಲಿನಿಂದ ಕೂಗು ಬರುತ್ತಿತ್ತು: "ಬಿತ್ತೂ!" ಕೆಲವು ಹಳ್ಳದ ಆಚೆ ಪೊದೆಯೊಳಗೆ ಬೀಳುತ್ತಿದ್ದವು, ಕೆಲವು ತರಗೆಲೆಯ ಮೇಲೆ ಸದ್ದೇ ಇಲ್ಲದೆ. ಬಿದ್ದದ್ದು ನಮಗೆ ಕಾಣುತ್ತಲೂ ಇರಲಿಲ್ಲ, ಕೇಳುತ್ತಲೂ ಇರಲಿಲ್ಲ. ಅವನು ಮಾತ್ರ ಕೂಗುತ್ತಿದ್ದ. ಅಷ್ಟೇ ಅಲ್ಲ, ನಾವು ಹುಡುಕಿ ಬೇರೆ ಇಡುವವರೆಗೆ ಮುಂದಿನ ಗೊಂಚಲಿಗೆ ಕೈ ಹಾಕುತ್ತಿರಲಿಲ್ಲ. "ಸಿಕ್ತಾ ಅಮ್ಮಾ? ಕೆಂಪು ಕಲ್ಲಿನ ಬಲಕ್ಕೆ ನೋಡಿ." ಅಜ್ಜಿ ಭೂಮಿಯ ಮೇಲೆ ಕೊಂಕಿಲ್ಲದೆ ಮಾತಾಡಿಸುತ್ತಿದ್ದದ್ದು ಆ ಮನುಷ್ಯನೊಬ್ಬನನ್ನೇ. ಹಿಂತಿರುಗುವಾಗ ಬಸ್ಸಿನಲ್ಲಿ ಬುಟ್ಟಿಗಳಿಗೆ ಟಿಕೆಟು ಕೊಂಡು ಸೀಟಿನಲ್ಲಿ ಕೂರಿಸುವಳು. ನನಗೆ ಬಾಗಿಲ ಬಳಿ ಕಂಬ ಹಿಡಿದು ನಿಲ್ಲುವ ಭಾಗ್ಯ.

ನನಗೆ ಹತ್ತು ತುಂಬಿದ ವರ್ಷ. ಎರಡು ಬುಟ್ಟಿ ಇಳಿದಾಗಿತ್ತು. ಮೂರನೆಯದು ತುಂಬುತ್ತಿದ್ದಾಗ ಮೇಲಿನಿಂದ ಸೊನೆ ತೊಟ್ಟಿಕ್ಕಿ ಅಜ್ಜಿಯ ಕಣ್ಣಿಗೆ ಬಿತ್ತು. ಸೊನೆ ಎಂದರೆ ಬೆಂಕಿ. ಅಜ್ಜಿ ಮಾವಿನ ಮರದ ಏಳು ತಲೆಮಾರನ್ನು ಬಯ್ಯುತ್ತ, ಕಣ್ಣು ಮುಚ್ಚಿಕೊಂಡು ಹಳ್ಳಕ್ಕೆ ಇಳಿದಳು. ಇಳಿಯುತ್ತಲೇ, "ಏ ಸಾವೀ, ಬುಟ್ಟಿ ಬಂದ್ರೆ ಎರಡೂ ಕೈಲಿ ಹಿಡಿಯೇ. ನೆಲಕ್ಕೆ ತಾಗ್ಬಾರ್ದು ನೋಡು" ಎಂದಳು. ನನ್ನ ಒಂದು ಕೈಯಲ್ಲಿ ಬಿದ್ದ ಮಿಡಿಯ ಹೋಳು, ಇನ್ನೊಂದರಲ್ಲಿ ಮನೆಯಿಂದ ಕದ್ದು ತಂದ ಉಪ್ಪು ಖಾರದ ಪೊಟ್ಟಣ. ಬುಟ್ಟಿ ಇಳಿಯತೊಡಗಿತು. ಪೊಟ್ಟಣ ಚೆಲ್ಲೀತೆಂದು ನಾನು ಮಿಡಿಯನ್ನು ಬಾಯಲ್ಲಿ ಕಚ್ಚಿ, ಖಾಲಿಯಾದ ಒಂದೇ ಕೈಯನ್ನು ಮೇಲೆತ್ತಿ, ತಲೆಗಿಂತ ಎತ್ತರದಲ್ಲಿದ್ದ ಬುಟ್ಟಿಯ ಅಂಚನ್ನು ಎಳೆದೆ. ಅದು ವಾಲಿತು. ತಲೆಯ ಮೇಲೆ, ಹೆಗಲ ಮೇಲೆ, ಆಮೇಲೆ ಕೆಂಪು ಕಲ್ಲಿನ ನೆಲದ ಮೇಲೆ ಟಪಟಪ ಎಂದು ಎರಡು ಮೂರು ಬೊಗಸೆ ಮಿಡಿ ಉದುರಿದವು. ಎಲೆಯ ಮರೆಯಲ್ಲಿದ್ದ ಹೂವಪ್ಪನಿಗೆ ಹಗ್ಗ ಹಗುರಾದದ್ದಷ್ಟೇ ತಿಳಿಯಿತು. "ಹಿಡಿದ್ರಾ ಅಮ್ಮಾ?" ಎಂದು ಕೂಗಿದ, ಕೆಳಗಿರುವುದು ಅಜ್ಜಿಯೆಂದೇ ತಿಳಿದು. ನನ್ನ ಬಾಯಲ್ಲಿ ಮಿಡಿ ಇತ್ತು. "ಹೂಂ" ಎಂದೆ.

ಆಮೇಲೆ ನಾನು ಹೇಳಿದ ಸುಳ್ಳುಗಳಲ್ಲಿ ಇದಕ್ಕಿಂತ ಉದ್ದನೆಯವು, ಕಸೂತಿ ಹಾಕಿದವು ಬೇಕಾದಷ್ಟಿವೆ. ಇಷ್ಟು ಚಿಕ್ಕದು ಇನ್ನೊಂದಿಲ್ಲ. ಅಜ್ಜಿ ಕಣ್ಣೊರೆಸುತ್ತ ಹಳ್ಳದಿಂದ ಮೇಲೆ ಬರುವಷ್ಟರಲ್ಲಿ ಬಿದ್ದದ್ದನ್ನೆಲ್ಲ ಬಾಚಿ ಬುಟ್ಟಿಗೆ ತುಂಬಿ, ಒಳ್ಳೆಯದರ ಜೊತೆ ಕಲೆಸಿ, ಎರಡೂ ಕೈಯಲ್ಲಿ ಬುಟ್ಟಿಯನ್ನು ಆತುಕೊಂಡು ನಿಂತಿದ್ದೆ. "ಹಿಡಿದ್ಯಾ? ಪರವಾಗಿಲ್ವೇ" ಎಂದಳು ಅಜ್ಜಿ. ಅವಳ ಬಾಯಿಂದ ನನಗೆ ಸಿಕ್ಕ ಒಂದೇ ಒಂದು ಪ್ರಶಸ್ತಿ ಅದು.

ಆ ವರ್ಷ ಇನ್ನೊಂದು ವಿಶೇಷ ನಡೆಯಿತು. ಸೊನೆ ಬಿದ್ದ ಕಣ್ಣು ಊದಿಕೊಂಡು ಅಜ್ಜಿ ಎರಡು ಭರಣಿ ತುಂಬುವಷ್ಟರಲ್ಲಿ ಸೋತಳು. ಮೂರನೆಯ ಬುಟ್ಟಿಯನ್ನು ದೊಡ್ಡ ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟುವ ಕೆಲಸ, ಎರಡು ವರ್ಷದ ಯುದ್ಧದ ನಂತರ ಮೊದಲ ಬಾರಿಗೆ, ಚಿಕ್ಕಮ್ಮನಿಗೆ ಸಿಕ್ಕಿತು. ಅಜ್ಜಿ ಒಂದೇ ಕಣ್ಣಿನಿಂದ ಉಸ್ತುವಾರಿ ನೋಡಿಕೊಂಡಳು. ಚಿಕ್ಕಮ್ಮ ಸ್ನಾನ ಮಾಡಿ, ಮಡಿಸೀರೆ ಉಟ್ಟು, ತುಟಿ ಬಿಗಿಹಿಡಿದು, ಒಂದು ಮಿಡಿಯೂ ಇನ್ನೊಂದಕ್ಕೆ ತಾಗಿ ಸದ್ದಾಗದ ಹಾಗೆ ಇಳಿಸಿದಳು. ಬಟ್ಟೆ ಕಟ್ಟಿದ ಗಂಟನ್ನು ಅಜ್ಜಿ ಎಳೆದು ನೋಡಿ, ತಪ್ಪು ಸಿಗದೆ, ಗಂಟಲು ಕೆರೆದುಕೊಂಡಳು. ಚಿಕ್ಕಮ್ಮ ಆ ಸಂಜೆ ಹಾಡಿಕೊಂಡು ಮಲ್ಲಿಗೆ ಕಟ್ಟುತ್ತಿದ್ದುದು ನನಗೆ ನೆನಪಿದೆ. ಆ ಮನೆಯಲ್ಲಿ ಅವಳು ಹಾಡಿದ್ದನ್ನು ಮತ್ತೆ ಕೇಳಿದ ನೆನಪಿಲ್ಲ.

ಚೌತಿ ಹಬ್ಬದ ದಿನ ಭರಣಿಗಳ ಬಾಯಿ ಬಿಚ್ಚಿ ನೋಡುವುದು ಪದ್ಧತಿ. ಮೊದಲ ಎರಡು ಬಿಚ್ಚಿದಾಗ ಮನೆಯೆಲ್ಲ ಘಮಗುಟ್ಟಿತು. ಮೂರನೆಯದರ ಬಟ್ಟೆ ತೆಗೆದೊಡನೆ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮೇಲೆ ಬಿಳಿ ಬೂಷ್ಟು. ಸೌಟು ಹಾಕಿದರೆ ಮಿಡಿಗಳು ಕೆಸರಿನ ಹಾಗೆ ಮೆತ್ತಗೆ. ವರ್ಷದ ಅರ್ಧ ಊಟ ಹಾಳಾಗಿತ್ತು. ಅಜ್ಜಿ ಕೂಗಾಡಲಿಲ್ಲ, ಅದೇ ಭಯ ಹುಟ್ಟಿಸಿತು. ಹೊಸನಗರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೂವಪ್ಪನಿಗೆ ಹೇಳಿಕಳಿಸಿದಳು. ಅವನು ಮಾರನೆಯ ದಿನ ಬಂದು ಜಗಲಿಯ ಕೆಳಗೆ ನಿಂತ. "ಹೂವಪ್ಪಾ, ಬಿದ್ದದ್ದೆಲ್ಲಾ ಹೇಳಿದ್ಯಾ?" "ಹೇಳೀನಿ ಅಮ್ಮಾ. ಹನ್ನೊಂದು ಬಿತ್ತು. ಹನ್ನೊಂದೂ ಕೂಗೀನಿ." ನಾನು ಬಾಗಿಲ ಹಿಂದೆ ನಿಂತಿದ್ದೆ. ಮೂರನೆಯ ಬುಟ್ಟಿ ಯಾರು ಹಿಡಿದರು ಎಂಬ ಮಾತು ಬಂದರೆ ನನ್ನ ಕಥೆ ಮುಗಿಯುತ್ತಿತ್ತು. ಹೂವಪ್ಪ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವನು. ಅಜ್ಜಿ, "ಸರಿ, ಕಾಫಿ ಕುಡ್ಕೊಂಡು ಹೋಗು" ಎಂದಳು. ಯಾರೂ ನೋಡದ ಮರದ ತುದಿಯಲ್ಲಿ ಅವನು ಅಷ್ಟು ವರ್ಷ ಗಳಿಸಿದ ನಂಬಿಕೆಯಿಂದ ಒಂದು ಲೋಟ ಕಾಫಿಯಲ್ಲಿ ಖುಲಾಸೆಯಾದ. ನನ್ನನ್ನು ಯಾರೂ ಕೇಳಲಿಲ್ಲ. ಪರವಾಗಿಲ್ಲ ಎಂಬ ಪ್ರಶಸ್ತಿ ಪಡೆದವಳಲ್ಲವೇ. ಉಳಿದದ್ದು ಒಬ್ಬಳು.

"ಮೂರು ಭರಣೀಲಿ ಎರಡು ಸರಿ ಇದಾವೆ. ನೀ ಮುಟ್ಟಿದ್ದೊಂದೇ ಕೆಟ್ಟದ್ದು" ಎಂದಳು ಅಜ್ಜಿ. ಅದರ ಅರ್ಥ ಆ ಮನೆಯ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಹೊರಗೆ ಕೂರಬೇಕಾದ ದಿನದಲ್ಲಿ, ಅದನ್ನು ಮುಚ್ಚಿಟ್ಟು, ಭರಣಿ ಮುಟ್ಟಿದ್ದಾಳೆ ಎಂಬುದು ಆರೋಪ. ಮುಟ್ಟಾದವರು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬ ಆ ಅಸಂಬದ್ಧವನ್ನು ಇವತ್ತು ನಗುತ್ತ ಹೇಳಬಹುದು. ಆವತ್ತು ಅದು ಮನೆಯ ಸೊಸೆಯನ್ನು ಕಳ್ಳಿ ಎನ್ನುವುದಕ್ಕಿಂತ ಹೆಚ್ಚಿನ ಮಾತು.

"ಇಲ್ಲ ಅತ್ತೆ. ನಾನು ಆವತ್ತು ಶುದ್ಧ ಇದ್ದೆ."

"ನೋಡಿದವ್ರು ಯಾರು?"

"ಅದನ್ನ ಯಾರು ನೋಡ್ತಾರೆ ಅತ್ತೆ? ಪ್ರತಿ ತಿಂಗಳೂ ನಾನೇ ಬಂದು ಹೇಳ್ತೀನಿ, ನಾನೇ ಹೋಗಿ ಹೊರಗೆ ಕೂರ್ತೀನಿ. ನೀವು ಯಾವತ್ತಾದ್ರೂ ನೋಡೀರಾ?"

"ಅದಕ್ಕೇ ಹೇಳಿದ್ದು" ಎಂದಳು ಅಜ್ಜಿ. ಚಿಕ್ಕಪ್ಪ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ಹೊರಟುಹೋದ. ಅಪ್ಪನ ಪೇಪರು ಅಲುಗಲಿಲ್ಲ. ಅಜ್ಜಿ ಉಗ್ರಾಣಕ್ಕೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಚಿಕ್ಕಮ್ಮ ಅಳಲಿಲ್ಲ. "ಹಾಗಾದ್ರೆ ಕೇಳಿ ಅತ್ತೆ. ನಾನು ಕೆಡಿಸ್ದೆ ಅಂತೀರಲ್ಲ, ಈ ಮನೆ ಉಪ್ಪಿನಕಾಯಿ ನನ್ನ ಎಲೆಗೆ ಬೇಡ" ಎಂದಳು. "ಬೇಡದಿದ್ರೆ ಉಳೀತು" ಎಂದಳು ಅಜ್ಜಿ.

ಮಾರನೆಯ ದಿನ ಆ ಭರಣಿಯನ್ನು ಹಿತ್ತಲ ಗುಂಡಿಗೆ ಸುರಿದು ತೊಳೆಯುವ ಶಿಕ್ಷೆಯೂ ಚಿಕ್ಕಮ್ಮನದೇ. ನೀರು ಹೊಯ್ಯಲು ನನ್ನನ್ನು ಕಳಿಸಿದರು. ಅವಳು ಸುರಿಯುತ್ತಿದ್ದವಳು ಇದ್ದಕ್ಕಿದ್ದ ಹಾಗೆ ನಿಂತು, ಮೆತ್ತಗಾದ ಒಂದು ಮಿಡಿಯನ್ನು ಎತ್ತಿ, ತೊಟ್ಟಿನ ಬುಡದಿಂದ ಏನನ್ನೋ ಉಗುರಿನಲ್ಲಿ ಕೆರೆದು ಅಂಗೈ ಮೇಲೆ ಇಟ್ಟುಕೊಂಡಳು. ಕೆಂಪು ಕಲ್ಲಿನ ಒಂದು ಹರಳು, ಸೊನೆಗೆ ಅಂಟಿಕೊಂಡು ಕೂತದ್ದು. ಬುಟ್ಟಿಯಲ್ಲಿ ನೇರವಾಗಿ ಇಳಿದ ಮಿಡಿಗೆ ಕಲ್ಲು ಎಲ್ಲಿಂದ ಬರಬೇಕು? ಇನ್ನೂ ಎರಡು ಸಿಕ್ಕವು. ಅವಳು ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದಳು. "ಸಾವೀ, ಇದೆಂತದೆ?"

"ಗೊತ್ತಿಲ್ಲ" ಎಂದೆ.

ನನ್ನನ್ನೇ ನೋಡಿದಳು. ನಾನು ತಂಬಿಗೆಯನ್ನು ನೋಡಿದೆ. "ಹೂಂ" ಎಂದಳು. ಅಂಗೈ ಚಾಚಿದಳು, ನಾನು ನೀರು ಹೊಯ್ದೆ, ಹರಳು ತೊಳೆದುಹೋಯಿತು.

ಆಮೇಲೆ ಆ ಮನೆಯಲ್ಲಿ ನಾನಿದ್ದ ಹನ್ನೆರಡು ವರ್ಷ, ದಿನಕ್ಕೆ ಎರಡು ಹೊತ್ತು, ಉಪ್ಪಿನಕಾಯಿಯ ಬಟ್ಟಲು ಪಂಕ್ತಿಯಲ್ಲಿ ಬಂದಾಗಲೆಲ್ಲ ಚಿಕ್ಕಮ್ಮ ತನ್ನ ಎಲೆಯ ಮೇಲೆ ಎಡಗೈಯನ್ನು ಅಡ್ಡ ಹಿಡಿಯುತ್ತಿದ್ದಳು. ಬರೀ ಒಂದು ಕೈ. ಆ ಕೈಯ ಮೇಲಿನಿಂದ ಅವಳ ಕಣ್ಣು ನನ್ನ ಕಡೆ ಒಂದು ಗಳಿಗೆ ಬಂದು ಹೋಗುತ್ತಿತ್ತು. ನಾನು ಮೊದಲೆಲ್ಲ ಅನ್ನ ಕಲೆಸುವುದರಲ್ಲಿ ಮಗ್ನಳಾಗುತ್ತಿದ್ದೆ. ಬರಬರುತ್ತ ಅವಳ ಮೇಲೆ ಸಿಟ್ಟು ಬರತೊಡಗಿತು. ನಾವು ಅನ್ಯಾಯ ಮಾಡಿದವರ ಮೇಲೆ ನಮಗೆ ಬರುವಷ್ಟು ಸಿಟ್ಟು ನಮಗೆ ಅನ್ಯಾಯ ಮಾಡಿದವರ ಮೇಲೂ ಬರುವುದಿಲ್ಲ. ಅಜ್ಜಿಯ ಪಕ್ಷ ಸೇರಿ, "ಅಷ್ಟು ಹಟ ಇರ್ಬಾರ್ದಪ್ಪ" ಎಂದು ನಾನೂ ಹೇಳಿದ್ದುಂಟು. ನಾಳೆ ಹೇಳೋಣ, ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ ಎಂದುಕೊಂಡೇ ಇದ್ದೆ. ಅಜ್ಜಿ ಒಂದು ಬೆಳಿಗ್ಗೆ ಕೀಲಿಕೈ ಸೊಂಟದಲ್ಲಿರುವಾಗಲೇ ತೀರಿಕೊಂಡಳು. ಅಷ್ಟು ನಿಷ್ಠುರದ ಹೆಂಗಸು, ಒಬ್ಬಳೇ ಇದ್ದಾಗಲೂ ಗೇಣುದ್ದದ ತಪ್ಪನ್ನು ತಾನೇ ವರದಿ ಒಪ್ಪಿಸಿದವಳು, ನಿರಪರಾಧಿಯೊಬ್ಬಳನ್ನು ಶಿಕ್ಷಿಸಿ, ಅದು ಗೊತ್ತಿಲ್ಲದೆಯೇ ಹೋದಳು. ಚಿಕ್ಕಮ್ಮನಿಗೆ ಮಾಡಿದ್ದು ಒಂದು ಮೋಸವಾದರೆ, ಅಜ್ಜಿಗೆ ಮಾಡಿದ್ದು ಇನ್ನೊಂದು. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಮನೆ ಪಾಲಾಯಿತು, ಆಮೇಲೆ ಮಾರಿಹೋಯಿತು. ಈಗ ಅಲ್ಲಿ ಮೊಬೈಲು ಅಂಗಡಿಗಳ ಸಾಲಿದೆ. ಉಗ್ರಾಣವಿದ್ದ ಜಾಗದಲ್ಲಿ ಒಬ್ಬ ಒಡೆದ ಗಾಜುಗಳನ್ನು ಬದಲಿಸುತ್ತಾನೆ. ಹೂವಪ್ಪ ಹೋದ, ರಸ್ತೆ ಅಗಲ ಮಾಡುವಾಗ ಮರವೂ ಹೋಯಿತು. ಚಿಕ್ಕಮ್ಮ ಮಗನ ಸಂಸಾರದ ಜೊತೆ ಸಾಗರದಲ್ಲಿದ್ದಳು. ಎರಡು ವರ್ಷದ ಹಿಂದೆ, ಬೆಳಗಿನ ಬಸ್ಸಿನಲ್ಲಿ ಹೋಗಿ, ನನ್ನ ತಲೆಯೂ ಪೂರಾ ಬೆಳ್ಳಗಾದ ಮೇಲೆ, ಹೇಳಿದೆ. ಬುಟ್ಟಿ, ಪೊಟ್ಟಣ, ಹೂಂ, ಎಲ್ಲ. ಅವಳು ಹುರುಳಿಕಾಯಿ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು. ಕಲ್ಲು ಸಿಕ್ಕಿತ್ತಲ್ಲ."

"ಮತ್ತೆ ಅಜ್ಜಿಗೆ ಯಾಕೆ ಹೇಳ್ಲಿಲ್ಲ ಚಿಕ್ಕಮ್ಮಾ?"

"ಎಂತ ಹೇಳೂದು? ಸಣ್ಣ ಹುಡುಗಿ ತಲೆಗೆ ಕಟ್ಟಿ ತಪ್ಪಿಸ್ಕೊಂಡ್ಲು ಅಂತಿದ್ರು. ನೀನು ಹೇಳ್ಬೇಕಿತ್ತು. ಕಾದೆ."

"ಎಲ್ಲೀವರೆಗೆ?"

"ನಿನ್ನ ಮದುವೆ ದಿನದ ತನಕ. ಅವತ್ತು ನಮಸ್ಕಾರ ಮಾಡೋಕೆ ಬಗ್ಗಿದ್ಯಲ್ಲ, ಈಗ ಹೇಳ್ತಾಳೆ ಅಂದ್ಕೊಂಡೆ. ನೀನು ಸೀರೆ ನೆರಿಗೆ ಸರಿ ಮಾಡ್ಕೊಂಡು ಎದ್ದೆ. ಆಮೇಲೆ ಬಿಟ್ಟೆ." ಒಂದು ಹುರುಳಿಕಾಯಿಯನ್ನು ಚಟಕ್ಕನೆ ಮುರಿದಳು. "ಈಗ ನಂಗೆ ಹೇಳಿ ಎಂತ ಬಂತು? ಗೊತ್ತಿದ್ದವ್ರಿಗೆ ಹೇಳೋಕೆ ಎಂತ ಧೈರ್ಯ ಬೇಕು ಮಾರಾಯ್ತಿ? ಹೋಗ್ಲಿ, ಕ್ಷಮಿಸ್ದೆ ಅನ್ಲಿ ಅಂತ ಬಂದ್ಯಾ? ಊಟ ಮಾಡ್ಕೊಂಡು ಹೋಗು."

ಊಟಕ್ಕೆ ಕೂತೆವು. ಸೊಸೆ ಉಪ್ಪಿನಕಾಯಿ ತಂದು ನನಗೆ ಬಡಿಸಿದಳು. ಚಿಕ್ಕಮ್ಮನ ಕೈ ತಾನಾಗಿ ತಟ್ಟೆಯ ಮೇಲೆ ಬಂತು. ತೊಗಲು ಸಡಿಲಾದ, ನರ ಎದ್ದ ಅದೇ ಎಡಗೈ. "ನಿಮ್ಮದೇ ಮನೆಯಲ್ವಾ ಚಿಕ್ಕಮ್ಮಾ, ಈಗಾದ್ರೂ" ಎಂದೆ. "ರುಚಿ ಮರೆತುಹೋಗಿದೆ ಕಣೆ" ಎಂದಳು. ಕಳೆದ ಕಾರ್ತಿಕದಲ್ಲಿ ಅವಳೂ ಹೋದಳು. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಇಲ್ಲ ಎಂದೇ ತಿಳಿದಿದ್ದೇನೆ. ಅವಳು ಅಷ್ಟು ಸುಲಭಕ್ಕೆ ಸಿಗುವವಳಲ್ಲ.

ನಿಮ್ಮ ಮನೆಯಲ್ಲೂ ಒಂದು ಭರಣಿ ಇದ್ದಿರಬೇಕು. ಈಗ ಅದರಲ್ಲಿ ಛತ್ರಿಗಳನ್ನು ನಿಲ್ಲಿಸಿರಬಹುದು. ನಮ್ಮ ದೊಡ್ಡ ಭರಣಿ ಪಾಲಿನಲ್ಲಿ ನನಗೆ ಬಂದಿದೆ. ಬೇರೆ ಯಾರೂ ಕೇಳಲಿಲ್ಲ. ಸಂತೆಯ ಆ ಗೋಣಿಚೀಲದವನ ಹತ್ತಿರ ನಾನು ಕೊಳ್ಳಲಿಲ್ಲ. ಎರಡು ದಿನ ಸುತ್ತಿ, ವರದಮೂಲದ ಕಡೆ ಮರ ಹತ್ತಿ ಕೊಯ್ಯುವವರೊಬ್ಬರನ್ನು ಹಿಡಿದು, ಮಿಡಿಯನ್ನು ಬುಟ್ಟಿಯಲ್ಲೇ ಇಳಿಸಿಕೊಂಡು, ಬುಟ್ಟಿಯಲ್ಲೇ ಮನೆಗೆ ತಂದೆ. ಬಸ್ಸಿನಲ್ಲಿ ಬುಟ್ಟಿಗೂ ಒಂದು ಟಿಕೆಟು ಕೇಳಿದಾಗ ಕಂಡಕ್ಟರ್ ನಕ್ಕ. ಮಧ್ಯಾಹ್ನ ಮಗಳು, ಅಳಿಯ ಕೆಲಸಕ್ಕೆ ಹೋಗಿದ್ದರು. ಅಡುಗೆಮನೆಯ ನೆಲದ ಮೇಲೆ ಕೂತು, ಒದ್ದೆ ಬಟ್ಟೆಯಿಂದ ಒಂದೊಂದೇ ಒರೆಸಿ, ಕಲ್ಲುಪ್ಪಿನ ಮೇಲೆ ಇಳಿಸುತ್ತಿದ್ದೆ. ಬೆರಳಿಗೆ ಮೊದಲಿನ ಹಿಡಿತವಿಲ್ಲ. ಒಂದು ಮಿಡಿ ಜಾರಿ, ಟಪ್ಪೆಂದು ನೆಲಕ್ಕೆ ತಾಗಿ, ಗ್ಯಾಸ್ ಸಿಲಿಂಡರಿನ ಹಿಂದೆ ಉರುಳಿತು.

ಮಂಡಿ ಊರಿ, ಕೈ ಹಾಕಿ, ಅದನ್ನು ಹೊರಗೆ ತೆಗೆದೆ. ಬೆಳಕಿಗೆ ಹಿಡಿದು ತಿರುಗಿಸಿದೆ. ಒಂದು ಗೀರೂ ಇರಲಿಲ್ಲ.

"ಬಿತ್ತು" ಎಂದೆ.

ದನಿ ನನ್ನದೇ ಆದರೂ ಅಪರಿಚಿತವಾಗಿ ಕೇಳಿಸಿತು. "ಸಿಕ್ತಾ ಅಮ್ಮಾ?" ಎಂದು ಮೇಲಿನಿಂದ ಯಾರೂ ಕೇಳಲಿಲ್ಲ. ಗೊಜ್ಜಿನ ಪಾತ್ರೆಗೆ ಹಾಕಿ, ಉಳಿದದ್ದನ್ನು ಒರೆಸತೊಡಗಿದೆ.